30×40 ಸೈಟಿಗೆ ಜಪಾನಿ, ವಿಯೆಟ್ನಾಮಿ, ಬ್ರೆಜಿಲ್ ವೆಬ್‌ಸೈಟುಗಳ ಪ್ಲಾನು: ಹುಡುಕೋದು ಹೇಗೆ, ಇಲ್ಲಿಗೆ ಹೊಂದಿಸೋದು ಹೇಗೆ?

ಗೆರೆ_ಸ್ಕೇಲು

ಶಿವಮೊಗ್ಗದಲ್ಲಿ 30×40 ಸೈಟು. ಪೂರ್ವಕ್ಕೆ ರಸ್ತೆ, ಉಳಿದ ಮೂರು ಕಡೆಯೂ ಮನೆಗಳು ಎದ್ದಾಗಿದೆ. ಗ್ರೌಂಡ್ ಪ್ಲಸ್ ಒನ್. ಮಾಲೀಕರಿಗೆ ನಡುವೆ ಸಣ್ಣದೊಂದು ತೊಟ್ಟಿ, ಮೂರು ಬೆಡ್‌ರೂಮು, ಈಶಾನ್ಯಕ್ಕೆ ದೇವರ ಕೋಣೆ, ಮುಂದೆ ಒಂದು ಕಾರು ಬೇಕು. ಬಜೆಟ್ಟು ಸಾಧಾರಣ: ಆರ್‌ಸಿಸಿ ಫ್ರೇಮು, ಸಾಲಿಡ್ ಬ್ಲಾಕು, ಊರಿನ ಮೇಸ್ತ್ರಿಗಳು.

ಇಂಗ್ಲಿಷಲ್ಲಿ ಹುಡುಕಿದರೆ ಅವೇ ಫೋಟೋ ಸುತ್ತಿ ಸುತ್ತಿ ಬರುತ್ತವೆ. ಪ್ಲಾನು ಸಿಕ್ಕರೆ ಸೆಕ್ಷನ್ (ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಡ್ರಾಯಿಂಗು) ಇರಲ್ಲ, ಎರಡೂ ಇದ್ದರೆ ಮನೆ ಅರ್ಧ ಎಕರೆಯಲ್ಲಿ ಕೂತಿರುತ್ತದೆ. ಚಿಕ್ಕ ಸೈಟಿನ ಕೆಲಸ ಜಪಾನು, ವಿಯೆಟ್ನಾಂ, ಬ್ರೆಜಿಲ್ ಕಡೆ ಜಾಸ್ತಿ, ಅದೆಲ್ಲ ಅವರವರ ಭಾಷೆಯಲ್ಲೇ ಇದೆ ಅಂತಾರೆ.

ಭಾಷೆ ಬಾರದವರು ಸರಿಯಾದ ಪದ ಹಿಡಿಯುವುದು ಹೇಗೆ? ಸಿಕ್ಕ ಡ್ರಾಯಿಂಗಿನ ಅಳತೆಯನ್ನು ನಮ್ಮ ಅಡಿ-ಚದರಕ್ಕೆ ತರುವುದು ಹೇಗೆ? ಯಾವುದನ್ನು ತಂದರೆ ಇಲ್ಲಿ ಕೆಡುತ್ತದೆ? "ಪಿಂಟರೆಸ್ಟ್ ನೋಡಿ" ಅನ್ನೋ ಉತ್ತರ ಬೇಡ, ದಯವಿಟ್ಟು.

ನೀಲಿನಕ್ಷೆ

ಇಂಗ್ಲಿಷಲ್ಲಿ "ಜಪಾನೀಸ್ ಸ್ಮಾಲ್ ಹೌಸ್" ಎಂದು ಹಾಕಿದರೆ ಬರುವುದು ಹೊರಗಿನವರಿಗಾಗಿ ಯಾರೋ ಆರಿಸಿಟ್ಟ ಮನೆಗಳು. ಅಲ್ಲಿನ ಸಾಮಾನ್ಯ ಜನ ಮನೆ ಕಟ್ಟಿಸುವಾಗ ಹಾಕುವ ಪದ, ಅವರ ಲಿಪಿಯಲ್ಲೇ, ಹೋಗಬೇಕು.

ಪದ ಹಿಡಿಯಲು ಗೂಗಲ್ ಟ್ರಾನ್ಸ್‌ಲೇಟ್ ಒಂದನ್ನೇ ನಂಬಬೇಡಿ. ಬರಿ "ಪ್ಲಾನ್" ಎಂದು ಕೊಟ್ಟರೆ ಅದು "ಯೋಜನೆ" ಅನ್ನುವ ಅರ್ಥ ಹಿಡಿದುಬಿಡುತ್ತದೆ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಫ್ಲೋರ್ ಪ್ಲಾನ್, ಕೋರ್ಟ್‌ಯಾರ್ಡ್, ಲೈಟ್‌ವೆಲ್ ಇಂಥ ಲೇಖನ ತೆರೆದು ಭಾಷೆಗಳ ಪಟ್ಟಿಯಿಂದ ಜಪಾನಿಗೋ ಪೋರ್ಚುಗೀಸಿಗೋ ಜಿಗಿಯಿರಿ. ಶೀರ್ಷಿಕೆಯಲ್ಲಿ ಅಥವಾ ಮೊದಲ ಸಾಲಿನಲ್ಲಿ ಬೇಕಾದ ಪದ ಇರುತ್ತದೆ. ಅದನ್ನೇ ನಕಲು ಮಾಡಿ ಹುಡುಕಿ. ಮೊದಲ ಪುಟದಲ್ಲಿ ಪ್ಲಾನಿನ ಚಿತ್ರಗಳೇ ಸಾಲಾಗಿ ಬಂದರೆ ಪದ ಸರಿ. ಬಣ್ಣಬಣ್ಣದ ಸೋಫಾಗಳು ಬಂದರೆ ಬದಲಿಸಿ.

ಜಪಾನಿಯಲ್ಲಿ ಮನೆಯ ಒಳಹಂಚಿಕೆಯ ಪ್ಲಾನಿಗೆ "ಮದೊರಿ", ಇಕ್ಕಟ್ಟಾದ ಸೈಟಿನ ಮನೆಗೆ "ಕ್ಯೋಶೋ ಜೂತಾಕು", ಒಳಾಂಗಣಕ್ಕೆ "ನಾಕಾನಿವಾ", ಸೆಕ್ಷನ್ನಿಗೆ "ದಾನ್‌ಮೆನ್‌ಜು". ಬ್ರೆಜಿಲ್ ಪೋರ್ಚುಗೀಸಲ್ಲಿ ಪ್ಲಾನು "ಪ್ಲಾಂಟಾ ಬಾಯ್ಶಾ", ಸೆಕ್ಷನ್ "ಕೋರ್ಟೆ". ಜರ್ಮನ್ನಲ್ಲಿ "ಗ್ರುಂಡ್‌ರಿಸ್" ಮತ್ತು "ಶ್ನಿಟ್". ವಿಯೆಟ್ನಾಮಿಯಲ್ಲಿ "ಮಾತ್ ಬಾಂಗ್" ಮತ್ತು "ಮಾತ್ ಕಾತ್". ವಿಯೆಟ್ನಾಮಿ ಅಕ್ಷರದ ಮೇಲಿನ ಕೆಳಗಿನ ಚಿಹ್ನೆಗಳನ್ನು ಬಿಡಬೇಡಿ, ಬಿಟ್ಟರೆ ಫಲಿತಾಂಶ ಹಾಳಾಗುತ್ತದೆ.

ಹುಡುಕುವ ಸಾಲಿಗೆ ಮೂರು ಪದ ಸಾಕು: ಮನೆಯ ಬಗೆ, ಅಳತೆ, ಡ್ರಾಯಿಂಗಿನ ಹೆಸರು. "ಸುಂದರ", "ಆಧುನಿಕ" ಸೇರಿಸಿದರೆ ಮತ್ತೆ ಫೋಟೋಗಳ ಸಂತೆಗೇ ಬರುತ್ತೀರಿ. ಭಾರತದ ಪುಟಗಳು ನುಗ್ಗುತ್ತಿದ್ದರೆ ಗೂಗಲ್‌ನ ಅಡ್ವಾನ್ಸ್‌ಡ್ ಸರ್ಚ್ ಪುಟದಲ್ಲಿ ಭಾಷೆ, ದೇಶ ಎರಡನ್ನೂ ನಿಗದಿ ಮಾಡಿ. ಕಡತದ ಬಗೆಯನ್ನು ಪಿಡಿಎಫ್ ಮಾಡಿದರೆ ಕಂಪನಿಗಳ ಡೀಟೇಲ್ ಹಾಳೆಗಳು, ಕಾಲೇಜುಗಳ ವರದಿಗಳು ಸಿಗುತ್ತವೆ. ಅಳತೆ ಬರೆದ ಡ್ರಾಯಿಂಗುಗಳು ಅಲ್ಲೇ ಹೆಚ್ಚು.

ತಾಣಗಳಲ್ಲಿ ಮೊದಲು ಆರ್ಕ್‌ಡೈಲಿಯ ಸ್ಪ್ಯಾನಿಷ್ ಮತ್ತು ಬ್ರೆಜಿಲ್ ಆವೃತ್ತಿಗಳು. ಆ ತಾಣವೇ ಚಿಲಿಯಲ್ಲಿ ಸ್ಪ್ಯಾನಿಷಿನ ಪ್ಲಾಟಫೋರ್ಮಾ ಆರ್ಕಿಟೆಕ್ತುರಾದಿಂದ ಹುಟ್ಟಿದ್ದು, ಅಲ್ಲಿನ ಚಿಕ್ಕ ಮನೆಗಳೆಲ್ಲ ಇಂಗ್ಲಿಷಿಗೆ ಬರುವುದಿಲ್ಲ. ಜಪಾನಿಗೆ ಆರ್ಕಿಟೆಕ್ಚರ್‌ಫೋಟೋ ಮತ್ತು ಟೆಕ್ಚರ್ ಮ್ಯಾಗ್. ಸಾಮಾನ್ಯ ಜನರ ಮನೆಯ ಮದೊರಿ ಬೇಕಿದ್ದರೆ ಸೂಮೊ ಎಂಬ ಆಸ್ತಿ ಮಾರಾಟದ ತಾಣ. ವಾಸ್ತುಶಿಲ್ಪಿಗಳು ಅದನ್ನು ಕೀಳಾಗಿ ಕಾಣುತ್ತಾರೆ, ಆದರೆ ಬಚ್ಚಲು, ಬಟ್ಟೆ ಒಣಗಿಸುವ ಜಾಗ, ಚಪ್ಪಲಿಗೂಡು ಎಲ್ಲೆಲ್ಲಿ ತುರುಕಬಹುದು ಅನ್ನುವುದನ್ನು ಕಲಿಯಲು ಅದೇ ಒಳ್ಳೆಯದು. ಚೀನಾಕ್ಕೆ ಗುಡ್ ಅನ್ನುವ ತಾಣ, ಹೆಸರಲ್ಲಿ ನಾಲ್ಕು "ಓ". ಜರ್ಮನಿಗೆ ಬೌನೆಟ್ಸ್. ವಿಯೆಟ್ನಾಮಿಗೆ ಕಿಯೆನ್ ವಿಯೆಟ್.

ಬ್ರೌಸರಿನ ಅನುವಾದವನ್ನು ಕನ್ನಡಕ್ಕೆ ಇಡಬೇಡಿ, ಇಂಗ್ಲಿಷಿಗೇ ಇಡಿ. ತಾಂತ್ರಿಕ ಪದಗಳು ಕನ್ನಡಕ್ಕೆ ಬರುವಷ್ಟರಲ್ಲಿ ಇನ್ನೂ ಕೆಟ್ಟಿರುತ್ತವೆ. ಪ್ಲಾನಿನೊಳಗಿನ ಬರಹಕ್ಕೆ ಗೂಗಲ್ ಲೆನ್ಸ್ ಹಿಡಿಯಿರಿ. ಮುದ್ರಿತ ಅಕ್ಷರ ಓದುತ್ತದೆ, ಕೈಬರಹದಲ್ಲಿ ಎಷ್ಟೋ ಸಲ ಸೋಲುತ್ತದೆ.

ಇನ್ನೊಂದು ಮಾತು. ಸೆಕ್ಷನ್ ಇಲ್ಲದ ಮನೆಯ ಪುಟವನ್ನು ಅಲ್ಲೇ ಮುಚ್ಚಿಬಿಡಿ. ಬೆಳಕು ಎಲ್ಲಿಂದ ಬೀಳುತ್ತದೆ, ನೀರು ಎಲ್ಲಿಗೆ ಹೋಗುತ್ತದೆ, ಬೀಮು ಎಷ್ಟು ಆಳ, ಮೆಟ್ಟಿಲು ಹೇಗೆ ಏರುತ್ತದೆ, ಇವು ಫೋಟೋದಲ್ಲಿ ಕಾಣುವುದಿಲ್ಲ.

ಬೀಮು_ಪಿಲ್ಲರು

ನೀಲಿನಕ್ಷೆಯವರು ಹೇಳಿದ ವಿಧಾನ ಸರಿ, ಆದರೆ ಜಪಾನಿನಿಂದ ಶುರು ಮಾಡುವುದು ಬೇಡ ಅಂತೀನಿ. ಅಲ್ಲಿನ ಚಿಕ್ಕ ಮನೆ ಬಹುಪಾಲು ಮರದ ಚೌಕಟ್ಟಿನದು. 105 ಅಥವಾ 120 ಮಿ.ಮೀ ಮರದ ಕಂಬ, ಎರಡೂ ಕಡೆ ಬೋರ್ಡು, ಹೊರಗೆ ನೀರು ತಡೆಯುವ ಹಾಳೆ, ಅದರಾಚೆ ಗಾಳಿಯಾಡುವ ಸಂದು, ಆಮೇಲೆ ಸೈಡಿಂಗ್ ಎಂಬ ಹೊರಹೊದಿಕೆಯ ಹಲಗೆ. ಕಿಟಕಿ ಗೋಡೆಯ ಮಟ್ಟಕ್ಕೇ ಕೂತು ಮೇಲೆ ಸಜ್ಜಾ ಇಲ್ಲದಿದ್ದರೂ ಸೋರದೆ ಇರುವುದು ಆ ಹಾಳೆ ಮತ್ತು ತಗಡಿನ ಫ್ಲಾಶಿಂಗ್‌ನಿಂದ. ಅದೇ ಮುಖವನ್ನು ಸಾಲಿಡ್ ಬ್ಲಾಕು, ಸಿಮೆಂಟ್ ಗಾರೆಯಲ್ಲಿ ಕಟ್ಟಿದರೆ ಮೊದಲ ಮಳೆಗಾಲಕ್ಕೇ ಕಿಟಕಿಯ ಕೆಳಮೂಲೆಯಿಂದ ತೇವ ಇಳಿಯುತ್ತದೆ. 600 ಮಿ.ಮೀ ಸಜ್ಜಾ, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು 12 ಮಿ.ಮೀ ಗೀರು (ಡ್ರಿಪ್ ಗ್ರೂವ್), ಹೊರಕ್ಕೆ ಇಳಿಜಾರಾದ ಸಿಲ್ (ಕಿಟಕಿಯ ಕೆಳಗಟ್ಟೆ) ಹಾಕಿದ ಕೂಡಲೇ ಆ "ಜಪಾನಿ ಎಲಿವೇಶನ್" ಉಳಿಯುವುದೂ ಇಲ್ಲ.

ವಿಯೆಟ್ನಾಂ ನಮ್ಮ ಹಾಗೇ ಕಟ್ಟುವ ದೇಶ: ಆರ್‌ಸಿಸಿ ಫ್ರೇಮು, ನಡುವೆ ಇಟ್ಟಿಗೆ, ಮೇಲೆ ಗಾರೆ. ಅವರು "ಗೋಡೆ 10", "ಗೋಡೆ 20" ಅನ್ನುವುದು 110 ಮತ್ತು 220 ಮಿ.ಮೀ, ಅಂದರೆ ನಮ್ಮ ನಾಲ್ಕೂವರೆ ಇಂಚು, ಒಂಬತ್ತು ಇಂಚು. ಡ್ರಾಯಿಂಗಿನಲ್ಲಿ ಗೋಡೆಯ ದಪ್ಪ ಹೆಚ್ಚುಕಮ್ಮಿ ಹಾಗೇ ಕೂರುತ್ತದೆ. ಅಲ್ಲಿನ ಪೇಟೆ ಮನೆ "ನ್ಯಾ ಓಂಗ್", ಅಂದರೆ ಕೊಳವೆ ಮನೆ: 4 ಅಥವಾ 5 ಮೀಟರ್ ಅಗಲ, 20 ಮೀಟರ್ ಉದ್ದ, ಎರಡು ಪಕ್ಕ ಕಿಟಕಿಯೇ ಇಲ್ಲ. ಬೆಳಕು ಮುಂದಿನಿಂದ, ಹಿಂದಿನಿಂದ, ನಡುವಿನ "ಝಿಯೆಂಗ್ ಚೋಯ್" ಎಂಬ ಬೆಳಕಿನ ಬಾವಿಯಿಂದ ಮಾತ್ರ. ನಿಮ್ಮ ಸೈಟಿನ ಮೂರು ಕಡೆ ಮನೆ ಎದ್ದಿದೆ ಅಂದಿರಿ. ಪಕ್ಕದ ಸೆಟ್‌ಬ್ಯಾಕಿನ (ಗಡಿಗೂ ಮನೆಗೂ ನಡುವೆ ಬಿಡುವ ಖಾಲಿ ಜಾಗ) ಕಿಟಕಿ ಪಕ್ಕದವರ ಗೋಡೆಯನ್ನೇ ನೋಡುತ್ತದೆ. ಹಾಗಾಗಿ ಆ ಸೆಕ್ಷನ್ನುಗಳು ನಿಮಗೆ ನೇರ ಉಪಯೋಗ. ಹೋ ಚಿ ಮಿನ್ ನಗರದಲ್ಲಿ ವೊ ಚೋಂಗ್ ನ್ಯೀಅ ಅವರ ಸ್ಟ್ಯಾಕಿಂಗ್ ಗ್ರೀನ್ ಮನೆ, 2011ರದ್ದು, 4×20 ಮೀಟರ್ ಸೈಟು. ಮುಂದೆ-ಹಿಂದೆ ಗಿಡದ ತೊಟ್ಟಿಗಳ ಅಡ್ಡಪಟ್ಟಿಗಳು ಬಿಸಿಲು ತಡೆದು ಗಾಳಿ ಬಿಡುತ್ತವೆ. ದಾ ನಾಂಗ್‌ನಲ್ಲಿ ಟ್ರಾಪಿಕಲ್ ಸ್ಪೇಸ್‌ನವರ ಟರ್ಮಿಟರಿ ಹೌಸ್, 2014, ಪೂರ್ತಿ ಇಟ್ಟಿಗೆ ಜಾಲಿಯ ಕೆಲಸ. ಎರಡರ ಸೆಕ್ಷನ್ನುಗಳನ್ನೂ ಬಿಡಿಸಿ ನೋಡಿ.

ಇಂಡೋನೇಷ್ಯಾ ಇನ್ನೂ ಸುಲಭ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬಹುದು. ಮನೆಯ ಪ್ಲಾನಿಗೆ "ದೆನಾ ರೂಮಾ", ಎರಡು ಪದದ ಕೊನೆಗೂ ಎಚ್ ಇದೆ. ಪಕ್ಕದಲ್ಲಿ ಮೀಟರ್ ಅಳತೆ ಹಾಕಿ. ನಮ್ಮ 20×30 ಅಡಿ 6.1×9.1 ಮೀಟರ್, 30×40 ಅಂದರೆ 9.14×12.19, 30×50 ಅಂದರೆ 9.14×15.24, 40×60 ಅಂದರೆ 12.2×18.3. ಹಾಗಾಗಿ 6x9, 9x12, 9x15, 12x18 ಎಂದು ಹುಡುಕಿದರೆ ಸಾಕು, ಅಳತೆ ಬರೆದ ಪ್ಲಾನುಗಳು ರಾಶಿ ಬೀಳುತ್ತವೆ. ಎಚ್ಚರ ಒಂದೇ: 9x12 ಅಂದಿದ್ದು ಸೈಟೋ ಕಟ್ಟಡವೋ ನೋಡಿ. ಎಲ್‌ಟಿ ಅಂದರೆ ಜಾಗದ ವಿಸ್ತೀರ್ಣ, ಎಲ್‌ಬಿ ಅಂದರೆ ಕಟ್ಟಡದ್ದು. ಪ್ಲಾನಿನಲ್ಲಿ ಕೆಟಿ ಬೆಡ್‌ರೂಮು, ಕೆಎಂ ಬಚ್ಚಲು. "ಮುಶೋಲಾ" ಪ್ರಾರ್ಥನೆಯ ಕೋಣೆ. ಅದರ ಗಾತ್ರ ನಮ್ಮ ದೇವರ ಕೋಣೆಗೆ ಹೊಂದುತ್ತದೆ, ಜಾಗ ಹೊಂದುವುದಿಲ್ಲ. ಅವರಿಗೆ ಮೆಕ್ಕಾದ ದಿಕ್ಕು ಮುಖ್ಯ. ವಿಯೆಟ್ನಾಮಿನವರು ಪೂರ್ವಜರ ಪೂಜೆಯ ಕೋಣೆಯನ್ನು ಸಾಮಾನ್ಯವಾಗಿ ಮೇಲಿನ ಮಹಡಿಗೆ ಒಯ್ಯುತ್ತಾರೆ, ಅದನ್ನೂ ಕೆಳಗಿಳಿಸಬೇಕು.

ಪಿಲ್ಲರ್ ಗಾತ್ರವನ್ನು ಮಾತ್ರ ಅಲ್ಲಿಂದ ನಕಲು ಹೊಡೆಯಬೇಡಿ. ಅವರ 200×200 ಕಂಬ ಗೋಡೆಯೊಳಗೆ ಅಡಗಿ ಚೆನ್ನಾಗಿ ಕಾಣುತ್ತದೆ. ಇಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಕೊಟ್ಟಿದ್ದೇ ಅಂತಿಮ.

ಅಂಗುಲಮಾನ

ಜಪಾನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಬೀಮು ಸರ್. ಗೋಡೆ ಕಟ್ಟುವ ಕ್ರಮ ಬೇರೆ, ಒಪ್ಪಿದೆ. ಹಂಚಿಕೆಯ ಬುದ್ಧಿ ನಮಗೆ ಹೊಂದುತ್ತದೆ: ಬಾಗಿಲ ಬಳಿ ಚಪ್ಪಲಿ ಬಿಡುವ ಒಂದು ಮೆಟ್ಟಿಲು ತಗ್ಗಿನ ಜಾಗ, ಸ್ನಾನದ ಮನೆ ಬೇರೆ, ಸಂಡಾಸು ಬೇರೆ. ಐದಾರು ಜನರ ಮನೆಯಲ್ಲಿ ಬೆಳಗ್ಗೆ ಏಳು ಗಂಟೆಗೆ ಇದರ ಬೆಲೆ ಗೊತ್ತಾಗುತ್ತದೆ.

ಅಳತೆಗೆ ಬರೋಣ. ಜಪಾನಿನಲ್ಲಿ ವಿಸ್ತೀರ್ಣಕ್ಕೆ ಬಳಸುವ 1 ತ್ಸುಬೊ ಅಂದರೆ ಸುಮಾರು 3.306 ಚದರ ಮೀಟರ್, 35.6 ಚದರ ಅಡಿ. ನಮ್ಮ 1 ಚದರ, ಅಂದರೆ 100 ಚದರಡಿ, ಸುಮಾರು 2.8 ತ್ಸುಬೊ. ಕೊರಿಯಾದ ಪ್ಯೊಂಗ್ ಕೂಡ ಇಷ್ಟೇ. 30×40 ಸೈಟು 33.7 ತ್ಸುಬೊ. ಅಲ್ಲಿ "30 ತ್ಸುಬೊ ಮನೆ" ಅಂದರೆ ಸೈಟಿನ ಮಾತಲ್ಲ, ಎಲ್ಲ ಮಹಡಿ ಸೇರಿದ ಒಟ್ಟು ವಿಸ್ತೀರ್ಣ, "ನೊಬೆಯುಕಾ". ನಿಮ್ಮ ಲೆಕ್ಕ ಹೀಗೆ ಹಾಕಿ: ಉದಾಹರಣೆಗೆ ಎರಡು ಪಕ್ಕ ಮತ್ತು ಹಿಂದೆ 1 ಮೀಟರ್, ಮುಂದೆ ಕಾರು ಅಡ್ಡ ನಿಲ್ಲಲು 3 ಮೀಟರ್ ಬಿಟ್ಟರೆ ಉಳಿಯುವುದು 7.14×8.19, ಅಂದರೆ 58.5 ಚದರ ಮೀಟರ್, ಮಹಡಿಗೆ 6.3 ಚದರ. ಎರಡು ಮಹಡಿಗೆ 117 ಚದರ ಮೀಟರ್, 35 ತ್ಸುಬೊ. ಹಾಗಾಗಿ ನೊಬೆಯುಕಾ 35 ತ್ಸುಬೊ, ಎರಡು ಮಹಡಿ, ನಾಕಾನಿವಾ ಎಂದು ಹುಡುಕಿ. ನಿಮ್ಮ ಪಾಲಿಕೆಯ ಸೆಟ್‌ಬ್ಯಾಕ್ ಬೇರೆ ಇದ್ದರೆ ಅದನ್ನು ಮೊದಲು ಗೆರೆ ಹಾಕಿಕೊಂಡು ಆಮೇಲೆ ಈ ಲೆಕ್ಕ.

ಕೋಣೆಗಳನ್ನು "ಜೋ" ಲೆಕ್ಕದಲ್ಲಿ ಬರೆಯುತ್ತಾರೆ, ಒಂದು ತಾತಾಮಿ ಚಾಪೆಯಷ್ಟು. ಆಸ್ತಿ ಜಾಹೀರಾತಿನಲ್ಲಿ ಒಂದು ಜೋ ಕನಿಷ್ಠ 1.62 ಚದರ ಮೀಟರ್. ಮರದ ಮನೆಯ ಗ್ರಿಡ್ 910 ಮಿ.ಮೀ, 6 ಜೋ ಕೋಣೆ 2730×3640. ಇದು ಗೋಡೆಯ ಮಧ್ಯದಿಂದ ಮಧ್ಯಕ್ಕೆ. ಅವರ ತೆಳು ಗೋಡೆಯಲ್ಲಿ ಒಳಗೆ ಸುಮಾರು 2600×3500 ಉಳಿಯುತ್ತದೆ. ಅದೇ ಸೆಂಟರ್‌ಲೈನ್ ಮೇಲೆ ಒಂಬತ್ತು ಇಂಚು ಇಟ್ಟಿಗೆ ಮತ್ತು ಗಾರೆ ಕೂರಿಸಿದರೆ 2470×3380, ಅಂದರೆ ಸುಮಾರು 8 ಅಡಿ 1 ಇಂಚು × 11 ಅಡಿ 1 ಇಂಚು. ಡಬಲ್ ಕಾಟು ಹಾಕಿ ವಾರ್ಡ್‌ರೋಬು ತೆರೆಯಲು ಜಾಗ ಸಾಲದು. ಪ್ಲಾನನ್ನು ಶೇ 10 ದೊಡ್ಡದು ಮಾಡಿ ಬಚಾವಾಗಬಹುದು ಅಂದುಕೊಳ್ಳಬೇಡಿ. ಬಚ್ಚಲೂ ಪ್ಯಾಸೇಜೂ ಸುಮ್ಮನೆ ಊದಿಕೊಳ್ಳುತ್ತವೆ. ಕೋಣೆಗಳ ಸಂಬಂಧ ಮಾತ್ರ ತಗೊಂಡು ನಿಮ್ಮ ಪಿಲ್ಲರ್ ಗ್ರಿಡ್‌ನಲ್ಲಿ ಹೊಸದಾಗಿ ಬರೆಯಿರಿ.

ಎಲ್ಲರೂ ಮುಗ್ಗರಿಸುವುದು ಮೆಟ್ಟಿಲಿನಲ್ಲಿ. ಜಪಾನಿನ ಕಾನೂನು ಮನೆಯ ಮೆಟ್ಟಿಲಿಗೆ ಏರು (ಒಂದು ಮೆಟ್ಟಿಲಿನ ಎತ್ತರ) 230 ಮಿ.ಮೀವರೆಗೆ ಏರಲು, ತುಳಿ (ಕಾಲಿಡುವ ಅಗಲ) 150 ಮಿ.ಮೀವರೆಗೆ ಇಳಿಯಲು ಬಿಡುತ್ತದೆ. ಹಾಗಾಗಿ 1820×1820ರ ಒಂದು ತ್ಸುಬೊ ಚೌಕದಲ್ಲಿ ಮೆಟ್ಟಿಲು ತಿರುಗಿಸಿಬಿಡುತ್ತಾರೆ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಮನೆಗೆ ಹೇಳುವುದು ಏರು ಹೆಚ್ಚೆಂದರೆ 190, ತುಳಿ ಕನಿಷ್ಠ 250. ಮಹಡಿ ಎತ್ತರ 3 ಮೀಟರ್ ಹಿಡಿದರೆ 17 ಏರು, ತಲಾ 176 ಮಿ.ಮೀ. 9 ಮತ್ತು 8 ಏರಾಗಿ ಮುರಿದರೆ ಉದ್ದದ ಮಗ್ಗುಲಿಗೆ 8 ತುಳಿ, 2000 ಮಿ.ಮೀ, ಜೊತೆಗೆ 900 ಲ್ಯಾಂಡಿಂಗ್. ಅಗಲ 900+100+900. ಒಟ್ಟು 1.9×2.9, ಅಂದರೆ 5.5 ಚದರ ಮೀಟರ್. ಅವರ 3.3ಕ್ಕಿಂತ 2.2 ಹೆಚ್ಚು, 24 ಚದರಡಿ. ಜಪಾನಿ ಪ್ಲಾನು ತಂದವರು ಮೊದಲು ಮೆಟ್ಟಿಲು ಬದಲಿಸಿ, ಏನು ಉಳಿಯುತ್ತದೆ ನೋಡಿ, ಆಮೇಲೆ ಮಾಲೀಕರಿಗೆ ತೋರಿಸಬೇಕು.

ಅಳತೆಯೇ ಬರೆಯದ ಚಿತ್ರವಿದ್ದರೆ "1:100" ಅನ್ನುವ ಬರಹ ನಂಬಬೇಡಿ, ಪರದೆಯ ಮೇಲೆ ಅದಕ್ಕೆ ಅರ್ಥವಿಲ್ಲ. ಗಾತ್ರ ಗೊತ್ತಿರುವ ಒಂದು ವಸ್ತು ಹಿಡಿಯಿರಿ. ಜಪಾನಿನಲ್ಲಿ ಬಚ್ಚಲ ಯೂನಿಟ್ಟಿನ ಮೇಲೆ 1616 ಎಂದಿದ್ದರೆ ಒಳಗೆ 1600×1600. ಯುರೋಪಿನಲ್ಲಿ ಅಡುಗೆ ಕಟ್ಟೆಯ ಆಳ 600. ಆಟೋಕ್ಯಾಡ್‌ನಲ್ಲಿ ಇಮೇಜ್‌ಅಟ್ಯಾಚ್‌ನಿಂದ ಚಿತ್ರ ತಂದು, ಸ್ಕೇಲ್ ಕಮಾಂಡಿನಲ್ಲಿ ರೆಫರೆನ್ಸ್ ಆಯ್ದು, ಆ ವಸ್ತುವಿನ ಎರಡು ತುದಿ ಒತ್ತಿ ನಿಜ ಅಳತೆ ಕೊಡಿ. ಆಮೇಲೆ ಚಿತ್ರದ ಇನ್ನೊಂದು ಮೂಲೆಯ ಬಾಗಿಲು ಅಳೆದು ನೋಡಿ. 750ರಿಂದ 900ರೊಳಗೆ ಬಂದರೆ ಸರಿ. 620 ಬಂದರೆ ಚಿತ್ರ ಒಂದು ದಿಕ್ಕಿಗೆ ಹಿಗ್ಗಿದೆ.

ಅಲ್ಪವಿರಾಮದ ಬಗ್ಗೆಯೂ ಹುಷಾರು. ಜಪಾನಿನಲ್ಲಿ 3,640 ಅಂದರೆ 3640 ಮಿ.ಮೀ, ಬ್ರೆಜಿಲ್, ಜರ್ಮನಿಯಲ್ಲಿ 3,64 ಅಂದರೆ 3.64 ಮೀಟರ್. ಜರ್ಮನ್ನರು ಒಂದು ಮೀಟರಿಗಿಂತ ಕಡಿಮೆ ಇದ್ದರೆ ಸೆಂಟಿಮೀಟರಲ್ಲಿ ಬರೆದು ಅರ್ಧ ಸೆಂಟಿಯನ್ನು ಮೇಲೆ ಸಣ್ಣಗೆ ಹಾಕುತ್ತಾರೆ. 11 ಮೇಲೆ ಸಣ್ಣ 5 ಇದ್ದರೆ 115 ಮಿ.ಮೀ ಗೋಡೆ. ಮಹಡಿ ಎಣಿಕೆಯೂ ಬೇರೆ. ಜಪಾನಿನ 1ಎಫ್, ಇಂಡೋನೇಷ್ಯಾದ "ಲಂತಾಯ್ 1" ಎರಡೂ ನಮ್ಮ ಗ್ರೌಂಡ್ ಫ್ಲೋರು. ಫ್ರೆಂಚರ ಆರ್+1 ಮಾತ್ರ ನಮ್ಮ ಜಿ+1ರ ಹಾಗೇ. ಜಪಾನಿ ಪ್ಲಾನಿನಲ್ಲಿ ಪಿಎಸ್ ಅಂದರೆ ಪೈಪ್ ಶಾಫ್ಟು. ಕೋಣೆಯೊಳಗೆ ಅಡ್ಡಗೆರೆ ಎಳೆದು "ಫುಕಿನುಕೆ" ಎಂದಿದ್ದರೆ ಅಲ್ಲಿ ಸ್ಲ್ಯಾಬಿಲ್ಲ, ಡಬಲ್ ಹೈಟ್. ಅದನ್ನು ಬೆಡ್‌ರೂಮು ಅಂದುಕೊಂಡು ಎಣಿಸಬೇಡಿ.

ಗೆರೆ_ಸ್ಕೇಲು

ಎಲ್ಲರಿಗೂ ಧನ್ಯವಾದ. 9x12 ಹಾಕಿ ನೋಡಿದೆ, ಅಬ್ಬಾ.

ಒಂದು ಬ್ರೆಜಿಲ್ ಮನೆಯೂ ಸಿಕ್ಕಿದೆ. ಉತ್ತರಕ್ಕೆ ಪೂರ್ತಿ ಜಾಲಿ ಗೋಡೆ, ದಕ್ಷಿಣಕ್ಕೆ ಹೆಚ್ಚುಕಮ್ಮಿ ಕುರುಡು ಗೋಡೆ, ಈಶಾನ್ಯದಲ್ಲಿ ಅಡುಗೆಮನೆ. ಅನುವಾದದಲ್ಲಿ "ಬಲಗಾಲು 2.70" ಅಂತ ಬರುತ್ತಿದೆ, ಕಿಟಕಿಯ ಪಕ್ಕ 120×100/110 ಅಂತಿದೆ. ಇದನ್ನು ಹಾಗೇ ತರಬಹುದಾ? ತೊಟ್ಟಿಯ ಅಗಲ ಎಷ್ಟಿರಬೇಕು ಅಂತಲೂ ಯಾರಾದರೂ ಹೇಳಿ.

ಸೂರಂಚು

"ಬಲಗಾಲು" ಅಂದರೆ ಅವರ ಮಾತಿನಲ್ಲಿ ನೆಲದಿಂದ ಸೀಲಿಂಗಿನ ಎತ್ತರ. 2.70 ಮೀಟರ್, ಸುಮಾರು 8 ಅಡಿ 10 ಇಂಚು. ಕಿಟಕಿಯದ್ದು ಅಗಲ × ಎತ್ತರ / ಸಿಲ್ ಎತ್ತರ, ಸೆಂಟಿಮೀಟರಲ್ಲಿ.

ಹಾಗೇ ತರಬೇಡಿ, ದಿಕ್ಕು ತಿರುಗಿಸಬೇಕು. ಬ್ರೆಜಿಲ್ ಬಹುತೇಕ ದಕ್ಷಿಣಾರ್ಧದಲ್ಲಿದೆ. ಸಾವೊ ಪಾಲೊ ಸುಮಾರು 23.5 ಡಿಗ್ರಿ ದಕ್ಷಿಣ, ಅಲ್ಲಿ ಮಧ್ಯಾಹ್ನದ ಬಿಸಿಲು ವರ್ಷವಿಡೀ ಉತ್ತರದಿಂದ. ಜಾಲಿ ಉತ್ತರಕ್ಕಿರುವುದು ಅದಕ್ಕೇ. ಪ್ಲಾನನ್ನು 180 ಡಿಗ್ರಿ ಸುತ್ತಿಸಿದರೆ ತಪ್ಪು. ಉತ್ತರ ದಕ್ಷಿಣವಾಗುತ್ತದೆ ನಿಜ, ಜೊತೆಗೆ ಪಶ್ಚಿಮ ಪೂರ್ವವಾಗಿ, ಸಂಜೆ ಬಿಸಿಲಿಗೆ ಕಟ್ಟಿದ ದಪ್ಪ ಗೋಡೆ ಬೆಳಗಿನ ಬಿಸಿಲಿಗೆ ಹೋಗಿ ಕೂರುತ್ತದೆ. ಪೂರ್ವ-ಪಶ್ಚಿಮ ಗೆರೆಯ ಮೇಲೆ ಮಿರರ್ ಮಾಡಿ. ಪೂರ್ವ ಪೂರ್ವದಲ್ಲೇ ಉಳಿಯುತ್ತದೆ, ನಿಮ್ಮ ರಸ್ತೆಗೂ ಸರಿ. ಅವರ ಈಶಾನ್ಯದ ಅಡುಗೆಮನೆ ತಾನಾಗಿ ಆಗ್ನೇಯಕ್ಕೆ ಬರುತ್ತದೆ. ವಾಸ್ತು ಕೇಳುವ ಮಾಲೀಕರು ಆಕ್ಷೇಪ ಎತ್ತಲಾರರು. ಮಿರರ್ ಆದ ಮೇಲೆ ಬಾಗಿಲು ತೆರೆಯುವ ಕೈ, ಮೆಟ್ಟಿಲು ತಿರುಗುವ ದಿಕ್ಕು ಎರಡನ್ನೂ ಮತ್ತೆ ನೋಡಿ.

ಬ್ರೆಜಿಲ್‌ನೊಳಗೂ ಊರು ಆರಿಸಿ ಹುಡುಕಬಹುದು. ಸಾಲ್ವಡೋರ್ ಹೆಚ್ಚುಕಮ್ಮಿ 13 ಡಿಗ್ರಿ ದಕ್ಷಿಣದಲ್ಲಿದೆ, ನಮ್ಮ ಮಂಗಳೂರು-ಬೆಂಗಳೂರು 13 ಡಿಗ್ರಿ ಉತ್ತರ. ಸೂರ್ಯನ ದಾರಿ ಆರು ತಿಂಗಳ ಅಂತರದಲ್ಲಿ ತದ್ರೂಪ ಪ್ರತಿಬಿಂಬ. ಶಿವಮೊಗ್ಗ ಸುಮಾರು 13.9, ಒಂದು ಡಿಗ್ರಿಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸಾಲ್ವಡೋರ್ ಹೆಸರು ಸೇರಿಸಿ ಹುಡುಕಿದ ಮನೆಯ ಸಜ್ಜಾ ಆಳ ನಮಗೆ ನೇರ ಸಲ್ಲುತ್ತದೆ. ಟೋಕಿಯೊ ಹಾಗಲ್ಲ. ಡಿಸೆಂಬರ್ ಮಧ್ಯಾಹ್ನ ಅಲ್ಲಿ ಸೂರ್ಯ 31 ಡಿಗ್ರಿ ಎತ್ತರದಲ್ಲಿ, ಇಲ್ಲಿ 53ರ ಹತ್ತಿರ. 600 ಮಿ.ಮೀ ಸಜ್ಜಾ ಅಲ್ಲಿ ಕಿಟಕಿಗೆ 360 ಮಿ.ಮೀ ನೆರಳು ಕೊಟ್ಟರೆ ಇಲ್ಲಿ 800. ಅವರ ದಕ್ಷಿಣದ ದೊಡ್ಡ ಗಾಜು ಚಳಿಗಾಲದಲ್ಲಿ ಬಿಸಿಲು ಒಳಕ್ಕೆಳೆಯಲು ಇರುವುದು. ನಮಗೆ ಆ ಬಿಸಿಲು ಬೇಡ, ನಮ್ಮ ತಲೆನೋವು ಪಶ್ಚಿಮದ್ದು.

ಬಿಸಿಲು ಮಿರರ್ ಆಗುತ್ತದೆ, ಗಾಳಿ-ಮಳೆ ಆಗುವುದಿಲ್ಲ. ಸಾಲ್ವಡೋರಿಗೆ ಗಾಳಿ ಆಗ್ನೇಯ-ಪೂರ್ವದಿಂದ. ಮಿರರ್ ಮಾಡಿದರೆ ಅದರ ಕಿಂಡಿಗಳು ಈಶಾನ್ಯಕ್ಕೆ ತಿರುಗುತ್ತವೆ. ನಮ್ಮ ಮುಂಗಾರು ನೈಋತ್ಯದಿಂದ ಬರುವುದು. ಹಾಗಾಗಿ ಗಾಳಿ ಒಳಬರುವ ಕಡೆ, ಹೊರಹೋಗುವ ಕಡೆ ಎರಡನ್ನೂ ಹೊಸದಾಗಿ ಗುರುತಿಸಬೇಕು.

ಜಾಲಿ ಗೋಡೆಗೆ ಅವರ ಪದ "ಕೊಬೊಗೊ". 1929ರಲ್ಲಿ ರೆಸಿಫೆಯಲ್ಲಿ ಮೂವರು ಸೇರಿ ರೂಪಿಸಿದ ಬ್ಲಾಕು, ಆ ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಈ ಪದ ಹಾಕಿದರೆ ಜೋಡಣೆಯ ಡೀಟೇಲ್ ಬೇಕಾದಷ್ಟು ಬರುತ್ತದೆ. ಇಲ್ಲಿ ಕಟ್ಟುವಾಗ 8×8 ಇಂಚಿನ ಟೆರಾಕೋಟಾ ಜಾಲಿ ಸಿಗುತ್ತದೆ, ಅದರಲ್ಲೇ ಆಗುತ್ತದೆ. ಐದು ಅಡಿ ಎತ್ತರ ದಾಟಿದರೆ ನಡುವೆ ಒಂದು ಆರ್‌ಸಿಸಿ ಪಟ್ಟಿ ಅಥವಾ ಸಂದಿಯಲ್ಲಿ 8 ಮಿ.ಮೀ ಸರಳು, ಎರಡು ತುದಿಯೂ ಪಿಲ್ಲರಿಗೆ ಕಟ್ಟಿರಬೇಕು. ಬರಿ ಗಾರೆಯಲ್ಲಿ ನಿಲ್ಲಿಸಿದ ಜಾಲಿ ತಳ್ಳಿದರೆ ಅಲುಗಾಡುತ್ತದೆ. ಪಶ್ಚಿಮ, ನೈಋತ್ಯಕ್ಕೆ ಜಾಲಿ ಇಟ್ಟರೆ ಮೇಲೆ 900 ಮಿ.ಮೀ ಸೂರು, ಹಿಂದೆ ಒಣ ಜಾಗ ಬೇಡ: ಮೆಟ್ಟಿಲು, ಬಟ್ಟೆ ಒಗೆಯುವ ಜಾಗ, ಬಾಲ್ಕನಿ ಇದ್ದರೆ ಚಿಂತೆಯಿಲ್ಲ. ಕರಾವಳಿಯಲ್ಲಾದರೆ ಆ ದಿಕ್ಕಿಗೆ ಜಾಲಿಯನ್ನೇ ಬಿಡಿ. ಸೊಳ್ಳೆ ಪರದೆಯನ್ನು ಜಾಲಿಗೇ ಅಂಟಿಸಬೇಡಿ, ಧೂಳು ಹಿಡಿದು ತಿಂಗಳೊಪ್ಪತ್ತಿನಲ್ಲಿ ಗಾಳಿ ನಿಲ್ಲುತ್ತದೆ. ಒಳಗಡೆ 50 ಮಿ.ಮೀ ದೂರದಲ್ಲಿ ಕೀಲು ಇರುವ ಫ್ರೇಮಿನಲ್ಲಿ 304 ಸ್ಟೀಲ್ ಜಾಲರಿ ಹಾಕಿ, ತೆಗೆದು ತೊಳೆಯುವ ಹಾಗೆ.

ಬೀಮು_ಪಿಲ್ಲರು

ತೊಟ್ಟಿಗೆ ಬರೋಣ. ಕೆಳಮಹಡಿ 3, ಮೇಲಿನದು 3, ಪ್ಯಾರಪೆಟ್ 1, ಒಟ್ಟು 7 ಮೀಟರ್ ಆಳದ ಬಾವಿ. ನಾನು ಹಿಡಿಯುವ ಲೆಕ್ಕ ಅಗಲ ಆಳದ ಮೂರನೇ ಒಂದು ಭಾಗಕ್ಕೆ ಕಡಿಮೆ ಇರಬಾರದು, ಅಂದರೆ 2.3 ಮೀಟರ್. 2.3×2 ಇಟ್ಟರೆ 4.6 ಚದರ ಮೀಟರ್, ಎರಡು ಮಹಡಿಯಲ್ಲಿ ಸೇರಿ ಒಂದು ಚದರದಷ್ಟು ಹೋಗುತ್ತದೆ. ಇದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿ. ವಿಯೆಟ್ನಾಂ ಪ್ಲಾನುಗಳಲ್ಲಿ 1 ಮೀಟರಿನ ಬಾವಿಗಳೂ ಕಾಣುತ್ತವೆ. ಅವು ಮೆಟ್ಟಿಲು, ಬಚ್ಚಲಿಗೆ ಗಾಳಿ ಕೊಡಲು; ಕೆಳಗಿನ ಹಾಲಿಗೆ ಬೆಳಕು ತರಲು ಸಾಲವು. ಮೆಟ್ಟಿಲನ್ನು ಬಾವಿಯ ಮಗ್ಗುಲಿಗೇ ತಂದು ನಡುವಿನ ಗೋಡೆ ತೆಗೆದರೆ ಅದರ ಅಗಲವೂ ಬೆಳಕಿನ ಪಾಲಿಗೆ ಸೇರುತ್ತದೆ. ಸೆಕ್ಷನ್ನುಗಳಲ್ಲಿ ಈ ಉಪಾಯ ಪದೇ ಪದೇ ಕಾಣುತ್ತದೆ, ಕದಿಯಲು ಯೋಗ್ಯವಾದದ್ದು ಅದೇ.

ಮೇಲೆ ಗಾಜು ಮುಚ್ಚುವುದಾದರೆ ಪೂರ್ತಿ ಮುಚ್ಚಬೇಡಿ, ಬಿಸಿಗಾಳಿ ಅಲ್ಲೇ ಸೇರಿ ಮೇಲಿನ ಬೆಡ್‌ರೂಮು ಬೇಯುತ್ತದೆ. ಪ್ಯಾರಪೆಟ್ ಮೇಲೆ 300 ಮಿ.ಮೀ ಎತ್ತರದ ಲೂವರ್ (ಗಾಳಿಯಾಡುವ ಓರೆಪಟ್ಟಿಗಳು) ನಾಲ್ಕೂ ಕಡೆ, ಅದರ ಮೇಲೆ 6+6 ಲ್ಯಾಮಿನೇಟೆಡ್ ಗಾಜು, 10 ಡಿಗ್ರಿ ಇಳಿಜಾರು, ಅಂಚು ಲೂವರಿನಿಂದ 300 ಮಿ.ಮೀ ಆಚೆ. ಬರಿ ಟಫನ್ಡ್ ಗಾಜು ತಲೆಯ ಮೇಲೆ ಬೇಡ, ಒಡೆದರೆ ಪೂರ್ತಿ ಉದುರುತ್ತದೆ.

ತೆರೆದೇ ಬಿಡುವುದಾದರೆ ತೊಟ್ಟಿಯ ನೆಲ ಹಾಲಿಗಿಂತ 100 ಮಿ.ಮೀ ಕೆಳಗೆ. ಗಂಟೆಗೆ 100 ಮಿ.ಮೀ ಮಳೆ ಸುರಿದರೂ 4.6 ಚದರ ಮೀಟರಿಗೆ ಬೀಳುವುದು 460 ಲೀಟರ್, ಒಂದು 110 ಮಿ.ಮೀ ಪೈಪು ಧಾರಾಳ. ಆದರೂ ಎರಡು ಹಾಕಿ, ಎಲೆ ಕಟ್ಟಿ ಒಂದು ನಿಂತರೆ ನೀರು ಸೋಫಾದ ಕೆಳಗೆ ಬರುತ್ತದೆ. ಸುತ್ತಲಿನ ಛಾವಣಿಯನ್ನು ತೊಟ್ಟಿಮನೆಯ ಹಾಗೆ ಒಳಕ್ಕೆ ಇಳಿಸಿದರೆ ಈ ಲೆಕ್ಕ ಬದಲಾಗುತ್ತದೆ, ಛಾವಣಿಯ ವಿಸ್ತೀರ್ಣವನ್ನೂ ಕೂಡಿಸಬೇಕು. ಆ ನೀರನ್ನು ಸಂಪ್ ಟ್ಯಾಂಕಿಗೆ ಕೊಡುವುದಾದರೆ ಫಿಲ್ಟರ್ ಚೇಂಬರ್ ತೊಟ್ಟಿಯೊಳಗೆ ಬೇಡ, ಹೊರಗಿನ ಸೆಟ್‌ಬ್ಯಾಕಿನಲ್ಲಿಡಿ.

ಮಣ್ಣಿಟ್ಟಿಗೆ

ಸ್ವಲ್ಪ ಪಕ್ಕದ ಮಾತು. ಗೋಡೆಗೆ ಮಣ್ಣಿನ ಬ್ಲಾಕಿನ ಯೋಚನೆ ಇದ್ದರೆ ಹುಡುಕಬೇಕಾದ್ದು ಫ್ರೆಂಚಿನಲ್ಲಿ. ಗ್ರೆನೋಬಲ್‌ನ ಕ್ರಾಟೆರ್ ಸಂಸ್ಥೆ ದಶಕಗಳಿಂದ ಇದೇ ಕೆಲಸ ಮಾಡುತ್ತಿದೆ. ಫ್ರಾನ್ಸಿನಲ್ಲಿ 2018ರಲ್ಲಿ ಹಸಿಮಣ್ಣಿನ ನಿರ್ಮಾಣಕ್ಕೆ ಕೈಪಿಡಿಗಳ ಸರಣಿಯೇ ಬಂದಿದೆ, ಪಿಡಿಎಫ್ ಉಚಿತ. ಒತ್ತಿದ ಮಣ್ಣಿನ ಇಟ್ಟಿಗೆಗೆ "ಬಿಟಿಸಿ", ರ‍್ಯಾಮ್ಡ್ ಅರ್ತ್‌ಗೆ "ಪೀಜೆ". ಅವರ ಪೀಜೆ ಸಾಮಾನ್ಯವಾಗಿ ಸಿಮೆಂಟಿಲ್ಲದ್ದು, ಎತ್ತರದ ಕಲ್ಲಿನ ಪಾಯ ಮತ್ತು ಅಗಲ ಸೂರಿನ ಭರವಸೆಯ ಮೇಲೆ ನಿಂತಿರುತ್ತದೆ. ಮಲೆನಾಡಿನ ಅಂಚಿನಲ್ಲಿ ಅದನ್ನೇ ಬರಿ ಪ್ಯಾರಪೆಟ್ ಮನೆಗೆ ಹಾಕಬೇಡಿ. ಇಲ್ಲಿ ಸಿಮೆಂಟು ಶೇ 5ರಿಂದ 8 ಸೇರಿಸಿದ ಬ್ಲಾಕು, ಐಎಸ್ 1725 ಪ್ರಕಾರ ಪರೀಕ್ಷಿಸಿದ್ದು, 450 ಮಿ.ಮೀಗೆ ಕಡಿಮೆಯಿಲ್ಲದ ಪ್ಲಿಂತ್ (ನೆಲದಿಂದ ಮೇಲೆ ಎತ್ತಿದ ಪಾಯ). ಬೆಂಗಳೂರಿನ ಐಐಎಸ್‌ಸಿಯಲ್ಲಿ ಈ ಬಗ್ಗೆ ನಡೆದ ಕೆಲಸ ಇಂಗ್ಲಿಷಿನಲ್ಲೇ ಇದೆ, ಅದನ್ನು ಮೊದಲು ಓದಿ ಫ್ರೆಂಚಿಗೆ ಹೋದರೆ ಪದಗಳು ತಾವಾಗಿ ಅರ್ಥವಾಗುತ್ತವೆ.

ನೀಲಿನಕ್ಷೆ

ಮರೆತಿದ್ದ ಎರಡು ವಿಷಯ. ಚಿತ್ರ ಇಷ್ಟವಾಗಿ ಮೂಲ ಗೊತ್ತಿಲ್ಲದಿದ್ದರೆ ಲೆನ್ಸ್‌ಗೆ ಕೊಟ್ಟು ಛಾಯಾಗ್ರಾಹಕರ ಹೆಸರು, ಊರು, ವರ್ಷ ಇರುವ ಪುಟ ಸಿಗುವವರೆಗೆ ಹಿಂಬಾಲಿಸಿ. ಸಿಗದಿದ್ದರೆ ಅದು ರೆಂಡರ್ (ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ) ಅಥವಾ ಎಐ ಚಿತ್ರ ಇರಬಹುದು. ಬೀಮಿಲ್ಲದೆ ಆರು ಮೀಟರ್ ಚಾಚಿದ ಸ್ಲ್ಯಾಬು, ಪೈಪಿಲ್ಲದ ಬಚ್ಚಲು, ಮೇಲೆ ಹೋಗಿ ಗೋಡೆಗೆ ಮುಗಿಯುವ ಮೆಟ್ಟಿಲು ಕಂಡರೆ ಅನುಮಾನವೇ ಬೇಡ.

ಕಾನೂನಿನ ಪ್ರಶ್ನೆ ಯಾರೂ ಎತ್ತಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 13(5)ರ ಪ್ರಕಾರ ಕಟ್ಟಡದ ಕಲಾತ್ಮಕ ಸ್ವರೂಪ, ವಿನ್ಯಾಸಕ್ಕೆ ರಕ್ಷಣೆ ಇದೆ, ಕಟ್ಟುವ ವಿಧಾನಕ್ಕಿಲ್ಲ. ಬೆಳಕಿನ ಬಾವಿಯ ಪಕ್ಕ ಮೆಟ್ಟಿಲು ಇಡುವ ಉಪಾಯ ಯಾರ ಸೊತ್ತೂ ಅಲ್ಲ. ಒಬ್ಬರ ಎಲಿವೇಶನ್ನನ್ನೇ ಗೆರೆಗೆ ಗೆರೆ ಇಳಿಸಿ ನಿಮ್ಮ ಟೈಟಲ್ ಬ್ಲಾಕ್ (ಡ್ರಾಯಿಂಗಿನ ಮೂಲೆಯ ಹೆಸರುಪಟ್ಟಿ) ಹಾಕಿ ಪಾಲಿಕೆಗೆ ಕೊಡುವುದು ಬೇರೆ ಮಾತು.

ನಿಮ್ಮ ಸೈಟಿಗೆ ಈಗಿನ ಕ್ರಮ ಹೀಗಿರಲಿ: ಸೆಟ್‌ಬ್ಯಾಕ್ ಗೆರೆ, ಕಾರು, 1.9×2.9 ಮೆಟ್ಟಿಲು, 2.3×2 ತೊಟ್ಟಿ, ಈ ನಾಲ್ಕನ್ನು ಮೊದಲು ಕೂರಿಸಿ ಇಲ್ಲಿ ಹಾಕಿ. 7.14 ಅಗಲದಲ್ಲಿ ಮೆಟ್ಟಿಲು, ತೊಟ್ಟಿ ಅಕ್ಕಪಕ್ಕ ಬಂದರೆ 4.2 ಹೋಗಿ ಗೋಡೆ ಸೇರಿ 2.9 ಉಳಿಯುತ್ತದೆ. ಹಾಲಿಗೆ ಅಷ್ಟು ಅಗಲ ಇಕ್ಕಟ್ಟು, ಊಟದ ಜಾಗಕ್ಕೆ ಸಾಕು. ಹಾಗಾಗಿ ಹಾಲು ರಸ್ತೆ ಕಡೆಗೇ ಬರಬೇಕಾಗುತ್ತದೆ. ದೇವರ ಕೋಣೆಯನ್ನು ಅದರ ಉತ್ತರದ ಮೂಲೆಯಲ್ಲಿ ಬಿಡಿಸಿಕೊಳ್ಳಿ.